ನಿಂತ ಜೀಪು ಕುಡಿದ ಡೀಸೆಲ್

ಬೆನ್ನ ಹಿಂದೆ ಹೆಂಡತಿ ಏನೋ ಕೇಳಿದಳು. ಅವನು ತಿರುಗಲಿಲ್ಲ. ಕೇಳಿಸದೆ ಏನಲ್ಲ, ಟೋಪಿಗೆ ಬ್ರಶ್ ಹಾಕಲೋ ಬೇಡವೋ ಎಂದು ಕೇಳಿದ್ದಳು. ಹಾಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಕೆನ್ನೆಯ ಮೇಲಿನ ಸೋಪಿನ ನೊರೆಯನ್ನು ಕನ್ನಡಿಯಲ್ಲಿ ನೋಡುತ್ತ ನಿಂತ. ಈ ಹತ್ತು ದಿನಗಳಲ್ಲಿ ಅವನು ಕಲಿತದ್ದು ಏನಾದರೂ ಇದ್ದರೆ, ಕಿವುಡನಾಗುವುದು ಸುಲಭದ ಕೆಲಸವಲ್ಲ ಎಂಬುದು. ಕರೆದಾಗ ತಿರುಗದೆ ಇದ್ದರೆ ಸಾಲದು, ತಿರುಗದಿರಲು ಹೆಣಗುತ್ತಿರುವುದೂ ಗೊತ್ತಾಗಬಾರದು. ಕತ್ತು ಹೇಗೋ ಮಾತು ಕೇಳುತ್ತದೆ, ಕಣ್ಣಿನ ರೆಪ್ಪೆ ಕೇಳುವುದಿಲ್ಲ. ಹೆಂಡತಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ದನಿ ಏರಿಸದೆ, ಇಳಿಸದೆ, "ನಿಮಗೆ ಕೇಳಿಸ್ತು. ಕುತ್ತಿಗೆ ಬಿಗಿಯಾಯ್ತು. ಇಪ್ಪತ್ತೆಂಟು ವರ್ಷದಿಂದ ಆ ಕುತ್ತಿಗೆ ನೋಡ್ತಾ ಇದೀನಿ" ಎಂದಳು. ಅವನು ಅದನ್ನೂ ಕೇಳಿಸಿಕೊಳ್ಳದವನಂತೆ ಕತ್ತಿಯನ್ನು ನೀರಿನಲ್ಲಿ ಅದ್ದಿದ. ಪಕ್ಕದ ಮನೆಯ ನಲ್ಲಿ ಅದೇ ಹೊತ್ತಿಗೆ ನಿಂತಿತು. ಪೊಲೀಸ್ ವಸತಿಯ ಗೋಡೆಗಳಿಗೆ ಕಿವಿಯೊಂದೇ ಅಲ್ಲ, ಬಾಯಿಯೂ ಇತ್ತು. ಆ ನಲ್ಲಿ ಕೊಡ ತುಂಬಿ ನಿಂತಿತೋ, ಕೇಳಿಸಿಕೊಳ್ಳುವುದಕ್ಕೆ ಯಾರಾದರೂ ನಿಲ್ಲಿಸಿದರೋ ಎಂದು ಯೋಚಿಸುತ್ತ ಗಲ್ಲದ ಕೆಳಗೆ ಒಂದು ಕಡೆ ಗೀರಿಕೊಂಡ. ಹನ್ನೊಂದು ಗಂಟೆಗೆ ವಿಚಾರಣೆ; ಠಾಣೆಯ ಜೀಪಿನ ಡ್ರೈವರಾದ ತನಗೆ ಕಿವಿ ಕೇಳುವುದಿಲ್ಲ ಎಂದು ಅಲ್ಲಿ ನಂಬಿಸಬೇಕಿತ್ತು. ಹೆಂಡತಿ ಟೋಪಿಗೆ ಬ್ರಶ್ ಹಾಕುವ ಸದ್ದು ಒಳಗಿನಿಂದ ಬರುತ್ತಿತ್ತು.

ಕರೆದುಕೊಂಡು ಹೋಗಲು ದಫೇದಾರ ಸ್ಕೂಟರ್ ತಂದಿದ್ದ. ಬಸ್ಸಿನಲ್ಲಿ ಹೋಗುತ್ತೇನೆ ಎಂದು ನಿನ್ನೆಯೇ ಹೇಳಿದ್ದರೂ ಬಂದಿದ್ದ. "ಸಾಹೇಬರು ಹೇಳಿದಾರಪ್ಪ, ಒಬ್ಬನನ್ನೇ ಬಿಡಬೇಡ ಅಂತ" ಎಂದು ನಕ್ಕ. ಆ ಮಾತಿನಲ್ಲಿ ಕಾಳಜಿ ಎಷ್ಟು, ಕಾವಲು ಎಷ್ಟು ಎಂದು ಹಿಂದಿನ ಸೀಟಿನಲ್ಲಿ ಕೂತು ತೂಗಿ ನೋಡಿದ. ಮಾರುಕಟ್ಟೆಯ ತಿರುವಿನಲ್ಲಿ ದಫೇದಾರ ಮುಖ ತಿರುಗಿಸದೆ, "ಹಿಂದಿನ ಬ್ರೇಕ್ ಕಿರುಗುಟ್ತಾ ಇದೆ, ಅಲ್ವಾ?" ಎಂದ. ನಿಜ, ಕಿರುಗುಟ್ಟುತ್ತಿತ್ತು. ಲೈನರ್ ಸವೆದಿದೆ, ಇನ್ನೊಂದು ವಾರ ಬಿಟ್ಟರೆ ಡ್ರಮ್ಮನ್ನೇ ತಿನ್ನುತ್ತದೆ ಎಂದು ಹೊರಟಾಗಿನಿಂದ ಹೇಳಬೇಕೆನಿಸಿತ್ತು. ಅವನು ಬಾಯಿ ಬಿಡಲಿಲ್ಲ. "ಭೇಷ್" ಎಂದ ದಫೇದಾರ. ಅದು ಪರೀಕ್ಷೆಯೇ ಹೌದು ಎಂದಾಯಿತು. ಅಥವಾ ನಿಜವಾಗಿಯೇ ಬ್ರೇಕಿನ ಮಾತು ಕೇಳಿ, ಇವನು ಸುಮ್ಮನಿದ್ದದ್ದನ್ನು ಕಂಡು ಆಮೇಲೆ ಪರೀಕ್ಷೆ ಮಾಡಿಕೊಂಡನೋ. ಈಚೆಗೆ ಯಾರು ಮಾತಾಡಿದರೂ ಅದರ ಕೆಳಗೆ ಇನ್ನೊಂದು ಮಾತು ಇದ್ದಂತೆ ಅವನಿಗೆ ಅನಿಸುತ್ತಿತ್ತು, ಚಹಾ ಬೇಕಾ ಎಂದು ಕೇಳಿದರೂ.

ಆಸ್ಪತ್ರೆಯ ಹುಡುಗಿಯಿಂದ ಶುರುವಾದದ್ದು ಇದು. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, "ಸದ್ದು ಕೇಳಿದಾಗಲೆಲ್ಲ ಒತ್ತಿ, ಎಷ್ಟು ಸಣ್ಣದಾಗಿದ್ರೂ ಸರಿ" ಎಂದಿದ್ದಳು. ಠಾಣೆಯ ಸಾಹೇಬರು ಮೊದಲೇ ಡಾಕ್ಟರಿಗೆ ಫೋನ್ ಮಾಡಿದ್ದರು. "ಇಪ್ಪತ್ತಾರು ವರ್ಷ ಡೀಸೆಲ್ ಇಂಜಿನ್ ಪಕ್ಕ ಕೂತಿದಾನೆ, ಕಿವಿ ಹೋಗದೆ ಇರುತ್ತಾ" ಎಂದು ಇವನ ಎದುರಿಗೇ ನಕ್ಕಿದ್ದರು. ಕೋಣೆಯಲ್ಲಿ ಸದ್ದು ಬಂತು, ದೂರದಲ್ಲೆಲ್ಲೋ ಹಕ್ಕಿ ಕೂಗಿದಷ್ಟು. ಅವನು ಒತ್ತಲಿಲ್ಲ. ಇನ್ನೊಂದು ಬಂತು, ಇನ್ನೂ ಸ್ಪಷ್ಟವಾಗಿ. ಹೆಬ್ಬೆರಳನ್ನು ಗುಂಡಿಯಿಂದ ಎತ್ತಿ ಹಿಡಿದ. ಠಾಣೆಯ ಅಂಗಳದ ಆ ಮಧ್ಯಾಹ್ನ ಯಾರೂ ಹೇಳದೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತಿತ್ತು. ಈಗ ಬೆರಳು ಒತ್ತಬಾರದೆಂದು ಆಜ್ಞೆಯಾಗಿತ್ತು. ಪರೀಕ್ಷೆ ಮುಗಿದಾಗ ಬೆನ್ನು ಬೆವೆತು ಅಂಗಿ ಅಂಟಿಕೊಂಡಿತ್ತು. ಹುಡುಗಿ ಬಲಗಿವಿ ಪೂರ್ತಿ, ಎಡಗಿವಿ ಅರ್ಧ ಹೋಗಿದೆ ಎಂದು ಬರೆಯುತ್ತ, ತಲೆ ಎತ್ತದೆ, ತನಗೆ ತಾನೇ ಹೇಳಿಕೊಂಡಷ್ಟು ಮೆಲ್ಲಗೆ, "ಹೋಗುವಾಗ ಬಾಗಿಲು ಹಾಕ್ಕೊಳ್ಳಿ" ಎಂದಳು. ಅವನು ಬಾಗಿಲು ಹಾಕಿಕೊಂಡು ಬಂದ. ಅರ್ಧ ಮೆಟ್ಟಿಲು ಇಳಿದ ಮೇಲೆ ಏನಾಯಿತೆಂದು ಹೊಳೆಯಿತು. ಹುಡುಗಿ ಯಾರಿಗಾದರೂ ಹೇಳಿರಬಹುದೆ? ಹೇಳಿರಲಿಕ್ಕಿಲ್ಲ. ಆದರೆ ಅವಳು ಈಗ ಮನೆಯಲ್ಲಿ ಊಟಕ್ಕೆ ಕೂತಾಗ, ಇವತ್ತೊಬ್ಬ ಜಾಣಕಿವುಡ ಬಂದಿದ್ದ ಎಂದು ನಗುತ್ತಿರುವಂತೆ ಅವನಿಗೆ ದಿನವೂ ಕಾಣುತ್ತಿತ್ತು.

ವಿಚಾರಣೆ ನಡೆಯುತ್ತಿದ್ದದ್ದು ಹಳೆಯ ಕಚೇರಿಯೊಂದರ ಮೊದಲ ಮಹಡಿಯಲ್ಲಿ. ಪೊಲೀಸರಿಗೆ ಸಂಬಂಧವಿಲ್ಲದ ಜಾಗ ಬೇಕೆಂದು ವಿಚಾರಣೆಯ ಅಮ್ಮನೇ ಕೇಳಿ ಪಡೆದದ್ದಂತೆ. ಹಿಂದೆ ನ್ಯಾಯಾಧೀಶೆಯಾಗಿದ್ದವರು. ಉದ್ದನೆಯ ಪಡಸಾಲೆ, ಎರಡು ಬೆಂಚು, ಎದುರುಬದುರು. ಮೆಟ್ಟಿಲು ಹತ್ತಿ ತಲೆ ಎತ್ತಿದವನಿಗೆ ಎದುರಿನ ಬೆಂಚಿನಲ್ಲಿ ಬ್ಯಾಟರಿಯವನು ಕೂತಿರುವುದು ಕಂಡಿತು, ಪಕ್ಕದಲ್ಲಿ ಅವನ ತಾಯಿ. ಬಸ್ ನಿಲ್ದಾಣದ ಹಿಂದೆ ಬ್ಯಾಟರಿ, ಡೈನಮೋ, ಸೆಲ್ಫ್ ಮೋಟಾರು ರಿಪೇರಿ ಮಾಡುವವನು. ಆಸಿಡ್ ಬಿದ್ದು ತೂತಾದ ಪ್ಯಾಂಟು ಬಿಟ್ಟರೆ ಬೇರೆ ಪ್ಯಾಂಟಿನಲ್ಲಿ ಅವನನ್ನು ಇವನು ನೋಡಿಯೇ ಇರಲಿಲ್ಲ. ಇವತ್ತು ಇಸ್ತ್ರಿ ಮಾಡಿದ್ದು ಹಾಕಿಕೊಂಡಿದ್ದ. ಇವನನ್ನು ಕಂಡು ಕೂತಲ್ಲಿಂದಲೇ ಒಂದಿಷ್ಟು ಎದ್ದಂತೆ ಮಾಡಿ ಮತ್ತೆ ಕೂತ. ತಾಯಿ ಇವನ ಕಡೆ ನೋಡಲಿಲ್ಲ. ಖಾಕಿ ಬಟ್ಟೆಯನ್ನು ಒಂದು ಸಲ ನೋಡಿ ಕಿಟಕಿಯ ಕಡೆ ತಿರುಗಿಕೊಂಡಳು. ಅವಳು ಮಗನಿಗೆ ಏನಾದರೂ ಹೇಳಬೇಕಾದಾಗ ಬಲಗಿವಿಗೆ ಬಾಯಿ ಹಚ್ಚಿ ಕೂಗುತ್ತಿದ್ದಳು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಚೂರು ಉಳಿದಿತ್ತು. ಡ್ರೈವರ್ ತನಗೆ ಗೊತ್ತಿಲ್ಲದಂತೆಯೇ ಅವನನ್ನು ಗಮನಿಸಲು ಶುರುಮಾಡಿದ. ಕೆಳಗೆ ಯಾರೋ ಕಬ್ಬಿಣದ ಬಾಗಿಲು ಎಳೆದರು. ಇವನ ಭುಜ ಕುಣಿಯಿತು, ಅವನದು ಕುಣಿಯಲಿಲ್ಲ. ಅವನ ಕಣ್ಣು ಜನರ ಮುಖದ ಮೇಲಿರದೆ ತುಟಿಗಳ ಮೇಲಿತ್ತು. ಓಹೋ, ತುಟಿ ನೋಡಬೇಕು ಎಂದುಕೊಂಡ. ಇವನ ಠಾಣೆಯಲ್ಲಿ ಕಿವಿ ಕಳೆದುಕೊಂಡವನನ್ನು ನೋಡಿ ಇವನು ಕಿವುಡುತನದ ಪಾಠ ಕಲಿಯುತ್ತಿದ್ದ. ನಾಚಿಕೆಯೆನಿಸಿತು. ಆದರೂ ಕಣ್ಣು ತೆಗೆಯಲಾಗಲಿಲ್ಲ.

ಕಿವಿ ಹೋದ ಆ ದಿನವೂ ಬ್ಯಾಟರಿಯವನು ಹೀಗೆಯೇ ಸಮಾಧಾನದಲ್ಲಿ ಠಾಣೆಗೆ ಬಂದಿದ್ದ. ಲಾರಿಯವನೊಬ್ಬನ ಎರಡು ಬ್ಯಾಟರಿ ಕಳುವಾಗಿದ್ದವು; ಬ್ಯಾಟರಿ ಕಳುವಾದರೆ ಬ್ಯಾಟರಿಯವನನ್ನು ಕರೆಸು ಎನ್ನುವುದು ಸಾಹೇಬರ ತರ್ಕ. ಅಂಗಳದಲ್ಲಿ ಜೀಪಿನ ಗಾಜು ಒರೆಸುತ್ತಿದ್ದ ಇವನನ್ನು ಕಂಡು, "ಅಣ್ಣಾ, ಸ್ಟಾರ್ಟಿಂಗ್ ಹೇಗಿದೆ? ಒಂದೇ ಸಲಕ್ಕೆ ಹಿಡಿಯುತ್ತಾ?" ಎಂದು ಕೇಳಿದ್ದ. ತಿಂಗಳ ಹಿಂದೆ ಸೆಲ್ಫ್ ಮೋಟಾರನ್ನು ಬಿಚ್ಚಿ ಸರಿಮಾಡಿದವನು ಅವನೇ; ಅಲ್ಲಿಯವರೆಗೆ ಬೆಳಿಗ್ಗೆ ಬೆಳಿಗ್ಗೆ ನಾಲ್ಕು ಜನ ಪೇದೆಗಳು ಜೀಪು ತಳ್ಳಬೇಕಿತ್ತು. "ಹಿಡಿಯುತ್ತೆ" ಎಂದಿದ್ದ ಇವನು. ಅಷ್ಟೇ ಮಾತು. ಠಾಣೆಯ ಹಿಂದೆ ಒಂದು ಕೋಣೆಯಿತ್ತು, ಹಿಂದೆ ಉಗ್ರಾಣವಾಗಿದ್ದದ್ದು. ಅದರ ಗಾಳಿಕಿಂಡಿ ಅಂಗಳಕ್ಕೆ ತೆರೆದಿತ್ತು, ಅಂಗಳದ ಗೋಡೆಯ ಆಚೆಗೆ ಹೊಲಿಗೆಯವರ ಸಾಲು ಅಂಗಡಿಗಳು. ಆ ಕೋಣೆಯಲ್ಲಿ ಕೆಲಸವಿದ್ದ ದಿನ ಸಾಹೇಬರು ಹೋಗುತ್ತ ಹೋಗುತ್ತ, "ಗಾಡಿ ಸ್ವಲ್ಪ ಬಿಸಿ ಮಾಡಪ್ಪ" ಎನ್ನುತ್ತಿದ್ದರು. ಈ ಸಾಹೇಬರಷ್ಟೇ ಅಲ್ಲ, ಇವರಿಗಿಂತ ಹಿಂದಿನವರು, ಅವರಿಗಿಂತ ಹಿಂದಿನವರೂ. ಇವನು ಜೀಪನ್ನು ಗಾಳಿಕಿಂಡಿಯ ಕೆಳಗೆ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ ಕೂರುತ್ತಿದ್ದ. ಯಾಕೆ ಎಂದು ಯಾರೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಇಂಜಿನ್ ಬಿಸಿ ಮಾಡುವುದು ಡ್ರೈವರನ ಕೆಲಸವೇ ತಾನೆ.

ಆ ಮಧ್ಯಾಹ್ನ ಸಾಹೇಬರು ಫೋನಿನಲ್ಲಿ ಮಾತಾಡುತ್ತ ಕೋಣೆಗೆ ಹೋದರು, ಏನೂ ಹೇಳಲಿಲ್ಲ. ಇವನು ಮರದ ನೆರಳಿನಲ್ಲಿ ಕೂತಿದ್ದ. ಎರಡೂವರೆಯ ಹೊತ್ತಿಗೆ ಗಾಳಿಕಿಂಡಿಯಿಂದ ಸದ್ದು ಬಂತು. ಎರಡು ಅಂಗೈಗಳಿಂದ ಎರಡೂ ಕಿವಿಗೆ ಒಟ್ಟಿಗೆ ಬಾರಿಸುವುದಕ್ಕೆ ಠಾಣೆಯಲ್ಲಿ ತಾಳ ಹಾಕುವುದು ಎನ್ನುತ್ತಿದ್ದರು. ಗಾಯ ಕಾಣುವುದಿಲ್ಲ ಎಂದು ಅದರ ಮೇಲೆ ಎಲ್ಲರಿಗೂ ಪ್ರೀತಿ. ಮೊದಲು ತಾಳ ಕೇಳಿಸಿತು. ಆಮೇಲೆ ಕೂಗು. ಕೂಗು ಎಂದರೆ, "ಅಣ್ಣಾ" ಎಂದು. ಅವನು ಎಲ್ಲರನ್ನೂ ಅಣ್ಣಾ ಎಂದೇ ಕರೆಯುವವನು, ಹೊಡೆಯುವವನನ್ನೂ ಹಾಗೆಯೇ ಕರೆದಿರಬಹುದು. ಇರಬಹುದು. ಎರಡನೆಯ ಸಲ ಅಣ್ಣಾ ಎನ್ನುವಷ್ಟರಲ್ಲಿ ಇವನು ಎದ್ದು ಜೀಪಿನಲ್ಲಿ ಕೂತು ಕೀಲಿ ತಿರುಗಿಸಿದ್ದ. ಒಂದೇ ಸಲಕ್ಕೆ ಹಿಡಿಯಿತು. ನಾಲ್ಕು ಗಂಟೆಯವರೆಗೆ ಒತ್ತಿದ ಕಾಲನ್ನು ತೆಗೆಯಲಿಲ್ಲ. ಮಧ್ಯೆ ಒಮ್ಮೆ ದಫೇದಾರ ಹೊರಗೆ ಬಂದು, ಮುಖ ತೊಳೆದು, ಇವನತ್ತ ನೋಡಿ ತಲೆಯಾಡಿಸಿದ. ಆ ತಲೆಯಾಡಿಸುವಿಕೆಯಿಂದ ತನಗೆ ಒಂದು ಚೂರು ಹೆಮ್ಮೆಯೆನಿಸಿತ್ತು ಎನ್ನುವುದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಹೇಳುವುದೂ ಇಲ್ಲ. ವಾರದ ಮೇಲೆ ಬ್ಯಾಟರಿಗಳು ಲಾರಿಯವನ ಭಾವಮೈದುನನ ಶೆಡ್ಡಿನಲ್ಲಿ ಸಿಕ್ಕವು. ಅಷ್ಟರಲ್ಲಿ ಬ್ಯಾಟರಿಯವನ ಕಿವಿಯ ತಮಟೆ ಎರಡೂ ಕಡೆ ಹರಿದಿತ್ತು. ಬಚ್ಚಲಲ್ಲಿ ಜಾರಿ ಬಿದ್ದ ಎಂದು ಠಾಣೆಯವರೆಲ್ಲ ಬರೆದುಕೊಟ್ಟರು. ಗೋಡೆಯಾಚೆಯ ಹೊಲಿಗೆಯವರನ್ನು ಕೇಳಿದಾಗ, ಅವರು ಸುಳ್ಳು ಹೇಳಲಿಲ್ಲ: ನಮಗೆ ಜೀಪಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ ಎಂದರು.

ದಫೇದಾರ ಎರಡು ಲೋಟ ಚಹಾ ತಂದ. ಒಂದನ್ನು ಕೊಟ್ಟು, ಇವನ ಎಡಗಿವಿಗೆ ಬಗ್ಗಿದ. ಕಿವುಡನೊಂದಿಗೆ ಮಾತಾಡುವ ನೆಪದಲ್ಲಿ ಗುಟ್ಟು ಹೇಳುವುದು ಎಷ್ಟು ಅನುಕೂಲ ಎಂದು ಇವನಿಗೆ ಆಗ ಹೊಳೆಯಿತು. "ನೋಡು ಕಡ್ಡಿ, ಆ ಹೆಂಗಸು ಮೊನ್ನೆಯೇ ಜೀಪಿನ ಲಾಗ್ ಪುಸ್ತಕ ತರಿಸ್ಕೊಂಡಿದಾರೆ. ಡೀಸೆಲ್ ಲೆಕ್ಕ ಕೇಳಬಹುದು." ಕಡ್ಡಿ ಎನ್ನುವುದು ಇವನ ಅಡ್ಡಹೆಸರು. ಇಡೀ ಇಲಾಖೆಯಲ್ಲಿ ಬೆಳಿಗ್ಗೆ ಸಂಜೆ ಟ್ಯಾಂಕಿಗೆ ಮರದ ಕಡ್ಡಿ ಇಳಿಸಿ, ಒದ್ದೆಯಾದ ಗೆರೆ ನೋಡಿ, ಇಷ್ಟೇ ಲೀಟರ್ ಎಂದು ಬರೆಯುವ ಡ್ರೈವರ್ ಇವನೊಬ್ಬನೇ. ಉಳಿದವರು ಕಿಲೋಮೀಟರಿಗೆ ತಕ್ಕಂತೆ ಡೀಸೆಲ್ ಬರೆದು, ಮಿಕ್ಕದ್ದನ್ನು ಕ್ಯಾನಿಗೆ ಇಳಿಸಿಕೊಳ್ಳುವವರು. ಹಾಸ್ಯ ಮಾಡಿದರು, ಕಡ್ಡಿ ಬಚ್ಚಿಟ್ಟರು, ಇವನು ಹೊಸ ಕಡ್ಡಿ ಕೆತ್ತಿಕೊಂಡ. ಆ ಸಂಜೆಯೂ ಕಾಲಿನ ಮೀನಖಂಡ ಸೆಟೆದುಕೊಂಡಿದ್ದರೂ ಕುಂಟುತ್ತ ಹೋಗಿ ಕಡ್ಡಿ ಇಳಿಸಿದ್ದ, ಕೈ ಅಭ್ಯಾಸದಂತೆ ಬರೆದಿತ್ತು: ಓಡಿದ್ದು ಸೊನ್ನೆ, ಡೀಸೆಲ್ ಮೂರು ಲೀಟರ್ ಕಡಿಮೆ. "ಬೇರೆಯವನಾಗಿದ್ರೆ ಹೆಚ್ಚುಕಮ್ಮಿ ಬರೆದು ಮುಗಿಸ್ತಿದ್ದ. ನಿನ್ನ ಸತ್ಯಹರಿಶ್ಚಂದ್ರನ ಬುದ್ಧಿಯಿಂದ ಎಲ್ಲರಿಗೂ ಕುತ್ತು" ಎಂದ ದಫೇದಾರ. "ಈಗ ಹೀಗೆ ಮಾಡು. ನಾನೇ ತೆಗೆದು ಮಾರ್ಕೊಂಡೆ ಅಂದ್ಬಿಡು. ಮೂರು ಲೀಟರಿಗೆ ಏನು ಮಹಾ, ಒಂದು ಎಚ್ಚರಿಕೆ ಪತ್ರ ಕೊಡ್ತಾರೆ. ಸಾಹೇಬರು ನೋಡ್ಕೋತಾರೆ. ನಿವೃತ್ತಿಗೆ ನಾಲ್ಕು ವರ್ಷ ಇದೆ, ತಲೆ ಕೆಡಿಸ್ಕೋಬೇಡ."

"ನಾನು ಒಂದು ಹನಿ ಮುಟ್ಟಿಲ್ಲ" ಎಂದ ಇವನು.

"ಮುಟ್ಟಿದೀಯ ಅಂತ ಯಾರು ಹೇಳಿದ್ರು? ಮುಟ್ಟಿದೀನಿ ಅನ್ನು ಅಂದೆ."

ಕಿವುಡ ಎನ್ನಿಸಿಕೊಳ್ಳುವುದಕ್ಕೆ ಒಪ್ಪಿದ್ದ. ಅದು ರೋಗ, ಯಾರಿಗೂ ಬರಬಹುದು. ಆದರೆ ಡೀಸೆಲ್ ಕಳ್ಳ? ಇವರು ಇದನ್ನು ಯಾವಾಗ ನಿಶ್ಚಯಿಸಿದರು? ಸಾಹೇಬರು ಒಳಗೆ ಹೋಗಿ ಬಂದದ್ದು ನಿನ್ನೆ. ಡ್ರೈವರ್ ಕೈ ಸ್ವಲ್ಪ ಉದ್ದ, ಅಮ್ಮಾ, ಎಂದು ಆಗಲೇ ಹೇಳಿ ಬಂದಿರಬಹುದು. ಹಾಗಿದ್ದರೆ ಇವನು ಒಪ್ಪಿದರೂ ಕಳ್ಳ, ಒಪ್ಪದಿದ್ದರೂ ಕಳ್ಳ. ನಾಳೆ ದಫೇದಾರನೇ ಬಂದು, ನಾವೆಲ್ಲ ಇಲ್ಲ ಇಲ್ಲ ಎಂದರೂ ಈತನೇ ತಾನಾಗಿ ಹೋಗಿ ಜೀಪು ಚಾಲೂ ಮಾಡಿದ್ದು ಎಂದೂ ಹೇಳಬಹುದು. ಅದು ಸುಳ್ಳೂ ಅಲ್ಲ. ಎದುರಿಗೆ ಬ್ಯಾಟರಿಯವನು ಇವರಿಬ್ಬರ ತುಟಿಗಳನ್ನೇ ನೋಡುತ್ತಿದ್ದ. ಅವನಿಗೆ ಎಷ್ಟು ತಿಳಿಯಿತೋ ಏನೋ. ಇವನು ಲೋಟವನ್ನು ಬಾಯಿಗೆ ಅಡ್ಡ ಹಿಡಿದುಕೊಂಡ.

ಒಳಗೆ ಕರೆದರು. ವಿಚಾರಣೆಯ ಅಮ್ಮ ಎಂದರೆ ದೊಡ್ಡ ಮೇಜಿನ ಹಿಂದೆ ಗುಡುಗುವ ಹೆಂಗಸನ್ನು ನಿರೀಕ್ಷಿಸಿದ್ದ. ಇದ್ದವರು ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ, ಮಂಡಿನೋವಿನ ಮುದುಕಿ. ಪ್ರಮಾಣಪತ್ರ ಓದಿ, "ಎಡಗಿವಿ ಅರ್ಧ ಇದೆ ಅಲ್ವೇ" ಎಂದು ತಾವೇ ಕಷ್ಟಪಟ್ಟು ಎದ್ದು, ಕುರ್ಚಿಯನ್ನು ಎಳೆದುಕೊಂಡು ಇವನ ಎಡಕ್ಕೆ ಬಂದು ಕೂತರು. ಅವರ ಮಂಡಿ ಲಟಕ್ಕೆಂದದ್ದು ಇವನಿಗೆ ಕೇಳಿಸಿತು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದ. ಅವರು ಲಾಗ್ ಪುಸ್ತಕ ತೆರೆದು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಕೇಳಿದರು. "ಇದು ನಿಮ್ಮ ಅಕ್ಷರಾನೇ?"

"ಹೌದಮ್ಮ."

"ಹನ್ನೊಂದು ಠಾಣೆ ಪುಸ್ತಕ ನೋಡಿದೆ. ಎಲ್ಲ ಕಣ್ಣಂದಾಜು. ಅಳೆದು ಬರೆದಿರೋದು ನೀವೊಬ್ಬರೇ. ಹೇಗೆ ಅಳೀತೀರಿ?"

ಇಪ್ಪತ್ತಾರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ನಗದೆ ಕೇಳಿರಲಿಲ್ಲ. ಅವನು ಕಡ್ಡಿಯ ವಿಷಯ ಹೇಳಿದ. ಗೆರೆಗಳನ್ನು ಕಾಸಿದ ಕಂಬಿಯಿಂದ ಸುಟ್ಟು ಹಾಕಿದ್ದು, ಜೀಪು ಸಮನೆಲದ ಮೇಲೆ ನಿಂತಿರಬೇಕಾದ್ದು, ಎಲ್ಲವನ್ನೂ ಹೇಳಿದ. ಹೇಳುತ್ತಿರುವಾಗಲೇ ಇದು ಬಲೆ ಎಂದು ಅನುಮಾನ ಬಂತು. ಬಂದರೂ ಸುಖವೆನಿಸುತ್ತಿತ್ತು. ಅಮ್ಮ ಆ ದಿನದ ಪುಟದ ಮೇಲೆ ಬೆರಳಿಟ್ಟರು. "ಜೀಪು ಓಡಿಲ್ಲ. ಮೂರು ಲೀಟರ್ ಇಲ್ಲ. ಎಲ್ಲಿ ಹೋಯ್ತು?" ಅವನು ಪುಟದ ಮೇಲಿನ ತನ್ನ ಅಕ್ಷರ ನೋಡಿದ. "ತೆಗೆದು ಮಾರಿದ್ರಾ? ಹಾಗಂತ ಒಂದು ಮಾತು ನನ್ನ ಕಿವಿಗೆ ಬಿದ್ದಿದೆ."

ಅಂದರೆ ಸಾಹೇಬರು ಹೇಳಿ ಹೋಗಿದ್ದರು. ಇವನಿಗೆ ಮುಖ ಉರಿಯಿತು. ಗೋಣು ಹಾಕಿದರೆ ಮುಗಿಯಿತು, ಸಂಜೆಗೆ ಮನೆ, ನಾಲ್ಕು ವರ್ಷ, ಪಿಂಚಣಿ. "ಕದ್ದಿಲ್ಲಮ್ಮ. ಇಂಜಿನ್ ಕುಡಿದದ್ದು" ಎಂದ. "ಒಂದೂವರೆ ಗಂಟೆ ಒತ್ತಿ ಹಿಡಿದಿದ್ದೆ. ನಿಂತಲ್ಲೇ." ಮೂಲೆಯಲ್ಲಿದ್ದ ಬೆರಳಚ್ಚಿನವನ ಯಂತ್ರ ಒಂದು ಸಾಲು ಓಡಿ ನಿಂತಿತು.

"ಒತ್ತು ಅಂತ ಯಾರು ಹೇಳಿದ್ದು?"

ಸಾಹೇಬರು ಎನ್ನಬಹುದಿತ್ತು. ಎಷ್ಟೋ ದಿನ ಅವರು ಹೇಳಿದ್ದು ನಿಜವೇ, ಈ ಒಂದು ದಿನವನ್ನೂ ಆ ರಾಶಿಗೆ ಸೇರಿಸಿದರೆ ಯಾರು ಕಡ್ಡಿ ಹಾಕಿ ನೋಡುತ್ತಾರೆ? ಕಳ್ಳ ಎಂದವರ ಮೇಲೆ ಸೇಡೂ ತೀರುತ್ತಿತ್ತು. "ಬೇರೆ ದಿನ ಸಾಹೇಬರು ಹೇಳ್ತಾರೆ, ಗಾಡಿ ಬಿಸಿ ಮಾಡು ಅಂತ. ಹಿಂದಿನವರೂ ಹೇಳ್ತಿದ್ರು. ಆ ದಿನಗಳೂ ಪುಸ್ತಕದಲ್ಲಿವೆ, ಓಡಿದ್ದಕ್ಕಿಂತ ಹೆಚ್ಚು ಕುಡಿದ ದಿನ ಎಲ್ಲ ಅದೇ" ಎಂದ. "ಆವತ್ತು ಯಾರೂ ಹೇಳಲಿಲ್ಲ."

"ಮತ್ತೆ ಯಾಕೆ ಒತ್ತಿದ್ರಿ?"

"ಕೂಗು ಕೇಳಿಸಬಾರದು ಅಂತ."

"ಯಾರಿಗೆ?"

ಬೀದಿಯವರಿಗೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. "ನನಗೆ" ಎಂದ. ಅಮ್ಮ ಕಿವಿಯ ಪ್ರಮಾಣಪತ್ರವನ್ನು ಮಡಿಸಿ ಕಡತದ ಬೇರೆ ಭಾಗಕ್ಕೆ ಸೇರಿಸಿದರು. ಅವರು ಆಮೇಲೆ ಕೇಳಿದ್ದನ್ನೆಲ್ಲ ಸಾಧಾರಣ ದನಿಯಲ್ಲೇ ಕೇಳಿದರು, ಇವನೂ ಹಾಗೆಯೇ ಉತ್ತರ ಕೊಟ್ಟ. ಯಾರು ಯಾರು ಕೋಣೆಗೆ ಹೋದರು, ಯಾರು ಮುಖ ತೊಳೆಯಲು ಹೊರಗೆ ಬಂದರು. ನಿಮ್ಮ ಮೇಲೂ ಕ್ರಮ ಆಗುತ್ತದೆ, ತಿಳಿದಿದೆಯಲ್ಲ, ಎಂದರು. ತಿಳಿದಿದೆ ಎಂದು ರುಜು ಹಾಕಿದ.

ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತ. ಎದೆ ಹಗುರವಾಗಿತ್ತು, ಆ ಹಗುರವನ್ನೂ ಅವನು ನಂಬಲಿಲ್ಲ. ಅವರು ಡೀಸೆಲ್ ಕಳ್ಳ ಎನ್ನದೆ ಇದ್ದಿದ್ದರೆ? ಒಬ್ಬನ ಎರಡು ಕಿವಿ ಹೋದದ್ದಕ್ಕೆ ಬಾಯಿ ಬಿಡದವನು ಮೂರು ಲೀಟರಿನ ಮಾನಕ್ಕೆ ಬಿಟ್ಟೆನಲ್ಲ, ಎಂದುಕೊಂಡ. ಅದು ನಿಜ, ಅದನ್ನು ಯಾವ ರುಜುವೂ ಮುಚ್ಚುವುದಿಲ್ಲ.

ಪಡಸಾಲೆಯಲ್ಲಿ ದಫೇದಾರ ಎದ್ದು ನಿಂತ. ಇವನ ಮುಖ ನೋಡಿದ, ನಗು ಅರ್ಧಕ್ಕೆ ನಿಂತಿತು. "ಏನಂದೆ?" ಎಂದು ಪಿಸುಗುಟ್ಟಿದ. ಆಗ ಎದುರಿನ ಬೆಂಚಿನಿಂದ ದೊಡ್ಡ ದನಿ ಬಂತು, ತನ್ನ ದನಿ ತನಗೇ ಕೇಳಿಸದವರ ದನಿ. "ಅಣ್ಣಾ, ಜೀಪಿನ ಸ್ಟಾರ್ಟಿಂಗ್ ಹೇಗಿದೆ? ಒಂದೇ ಸಲಕ್ಕೆ ಹಿಡಿಯುತ್ತಾ?" ತಾಯಿ ಮುಜುಗರದಿಂದ ಮಗನ ತೋಳು ಜಗ್ಗಿದಳು. ಅವನಿಗೆ ಏನೂ ಗೊತ್ತಿರಲಿಲ್ಲ. ಕೂಗು ಹೊರಗೆ ಹೋಗದಂತೆ ಮಾಡಿದ್ದು ಯಾವುದು ಎಂದು ಒಳಗಿದ್ದವನಿಗೆ ಗೊತ್ತಾಗುವ ಹೊತ್ತಿಗೆ ಕಿವಿಯೇ ಇರಲಿಲ್ಲ.

ಡ್ರೈವರ್ ಅವನೆದುರು ಹೋಗಿ ನಿಂತ. "ಆವತ್ತು ನೀನು ಕೂಗಿದ್ದು ನನಗೆ ಕೇಳಿಸ್ತು. ಇಂಜಿನ್ ಒತ್ತಿ ಮುಚ್ಚಿದ್ದು ನಾನೇ" ಎಂದ. ಬ್ಯಾಟರಿಯವನು ಬಲಗಿವಿಗೆ ಅಂಗೈ ಮಡಿಸಿ ಹಿಡಿದು, ತುಟಿಗಳನ್ನೇ ನೋಡುತ್ತ, ಮುಗುಳ್ನಕ್ಕು ತಲೆಯಲ್ಲಾಡಿಸಿದ. "ಸ್ವಲ್ಪ ಜೋರಾಗಿ ಹೇಳಿ ಅಣ್ಣಾ." ಇವನು ಮತ್ತೆ ಹೇಳಿದ, ಈ ಸಲ ಗಟ್ಟಿಯಾಗಿ. ದಫೇದಾರ ಬಂದು ಇವನ ತೋಳು ಹಿಡಿದ. ಪಕ್ಕದ ಕೋಣೆಗಳಿಂದ ಗುಮಾಸ್ತರು ಇಣುಕಿದರು. "ಇನ್ನೂ ಜೋರಾಗಿ" ಎಂದ ಅವನು. ಡ್ರೈವರ್ ತೋಳು ಬಿಡಿಸಿಕೊಂಡು, ಮೂರನೆಯ ಸಲ ಹೇಳುವುದಕ್ಕೆ ಉಸಿರು ಎಳೆದುಕೊಂಡ.

ತಾಯಿಗೆ ಮೊದಲನೆಯ ಸಲವೇ ಕೇಳಿಸಿತ್ತು. ಅವಳು ಇವನನ್ನು ತಡೆಯುವಂತೆ ಕೈ ಎತ್ತಿದಳು, ಮಗನ ಬಲಗಿವಿಗೆ ಬಾಯಿ ಹಚ್ಚಿದಳು, ಏನೂ ಹೇಳಲಾರದೆ ಹಾಗೆಯೇ ನಿಂತಳು.